ಮನವಿಪತ್ರ ಒಂದನ್ನೇ ಇಟ್ಟುಕೊಂಡರೆ ಸಾಲದೇ?

ಪ್ರಶ್ನೆ: ಗ್ರಾಮಸಭೆಯ ಅಧಿಕಾರವನ್ನು ಸಂವಿಧಾನದಲ್ಲೇ ಬರೆಯಬೇಕೆಂದು ನಾವೊಂದಿಷ್ಟು ಜನ ಹಳ್ಳಿಗಳಲ್ಲಿ ಅಭಿಪ್ರಾಯ ಕೇಳಿ ತಿದ್ದುಪಡಿಯ ಕರಡು ಮಾಡಿದ್ದೇವೆ. ‘ನೀರು ಬಿಡೋ ಹುಡುಗನ್ನ ನಾವೇ ಆರಿಸ್ಬೇಕು’ ಎಂದ ಅಜ್ಜಿಯಿಂದ ಹಿಡಿದು ಎಲ್ಲರ ಮಾತೂ ವಾಟ್ಸಾಪ್ ಗುಂಪಿನಲ್ಲಿದೆ. ಕರಡುಗಳು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಕೊನೆಯ ಮನವಿಪತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಬಹುದೇ?
– ಓದುಗರೊಬ್ಬರು, ಜಗಳೂರು

ಉತ್ತರ: ದಯವಿಟ್ಟು ಒಂದು ವಾಯ್ಸ್ ಮೆಸೇಜನ್ನೂ ಅಳಿಸಬೇಡಿ. ಮನವಿಪತ್ರದಲ್ಲಿ ಆ ಅಜ್ಜಿಯ ಮಾತು ‘ನೇಮಕಾತಿ ಅಧಿಕಾರ’ ಎಂದಾಗಿರುತ್ತದೆ. ಆ ಸಾಲು ಯಾವ ಊರಿನ ಯಾವ ಕಷ್ಟದಿಂದ ಬಂತು ಅನ್ನುವುದಕ್ಕೆ ಅವರ ಧ್ವನಿಯೇ ಸಾಕ್ಷಿ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಗ್ರಾಮಸಭೆಗೆ ಏನೇನು ಅಧಿಕಾರ ಎಂಬುದನ್ನು 243ಎ ವಿಧಿಯಲ್ಲಿ ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ. ಅದನ್ನು ಬದಲಿಸಿ ಎನ್ನುವವರಿಗೆ ‘ಇದು ಜನ ಕೇಳಿದ್ದೋ, ನೀವೇ ಬರೆದದ್ದೋ?’ ಎಂಬ ಪ್ರಶ್ನೆ ಎದುರಾಗದೆ ಇರದು.

ಐಸ್‌ಲ್ಯಾಂಡಿನಲ್ಲಿ 2011ರಲ್ಲಿ 25 ಜನರ ಸಂವಿಧಾನ ಮಂಡಳಿ ಕರಡನ್ನು ಬರೆಯುತ್ತಲೇ ಇಂಟರ್‌ನೆಟ್ಟಿನಲ್ಲಿ ಹಾಕಿ, ಫೇಸ್‌ಬುಕ್ಕಿನಲ್ಲೂ ಜನರ ಸಲಹೆ ಪಡೆಯಿತು. 2012ರ ಜನಮತದಲ್ಲಿ ಮತ ಹಾಕಿದವರ ಪೈಕಿ ಮೂರರಲ್ಲಿ ಎರಡು ಪಾಲು ಒಪ್ಪಿದರೂ ಸಂಸತ್ತು ಅದನ್ನು ಜಾರಿ ಮಾಡಲಿಲ್ಲ. ಜಾರಿಯಾಗದ್ದರಿಂದಲೇ ಆ ದಾಖಲೆಗೆ ಬೆಲೆ ಹೆಚ್ಚು. ಮತ್ತೆ ಎತ್ತಿಕೊಳ್ಳುವವರಿಗೆ ಅದೇ ಬಂಡವಾಳ. ಅಲ್ಲಿ ರಾಷ್ಟ್ರೀಯ ಗ್ರಂಥಾಲಯವೇ ದೇಶದ ವೆಬ್‌ಸೈಟುಗಳನ್ನು ಸಂಗ್ರಹಿಸಿ ಇಡುತ್ತದೆ. ನಿಮ್ಮ ವಾಟ್ಸಾಪ್ ಗುಂಪನ್ನು ಹಾಗೆ ಯಾರೂ ಬಂದು ಕಾಪಾಡುವುದಿಲ್ಲ.

ಗುಂಪಿನ ಚಾಟನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿ. ಮೀಡಿಯಾ ಸಮೇತ ತೆಗೆದರೆ ಹಳೆಯ ಸಂದೇಶಗಳು ಬಿಟ್ಟುಹೋಗುವುದುಂಟು, ಮೀಡಿಯಾ ಇಲ್ಲದೆಯೂ ಒಮ್ಮೆ ತೆಗೆಯಿರಿ. ಫೋಟೊಗಳನ್ನು ತೆಗೆದವರ ಮೊಬೈಲಿನಿಂದಲೇ ಕೇಬಲ್ ಹಾಕಿ ಪಡೆಯಿರಿ.

ನನಗೆ ಹೆಚ್ಚು ಭಯ ನುಡಿ ಫೈಲುಗಳದ್ದು. ದಾವಣಗೆರೆಯ ಕಾಲೇಜು ಗ್ರಂಥಾಲಯದಲ್ಲಿದ್ದಾಗ ಹಳೆಯ ವಿಚಾರಸಂಕಿರಣದ ಪ್ರಬಂಧಗಳನ್ನು ತೆರೆದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆ ಫಾಂಟ್ ಹುಡುಕಿ ಹಾಕಿದ ಮೇಲೆಯೇ ಕನ್ನಡ ಕಂಡದ್ದು. ನಿಮ್ಮವೂ ಹಾಗೆ ಆಯಾ ಫಾಂಟ್ ಇದ್ದರಷ್ಟೇ ಓದಲು ಬರುವ ಹಳೆಯ ‘ಆಸ್ಕಿ’ ಪದ್ಧತಿಯಲ್ಲಿದ್ದರೆ, ಒಂದೇ ಫಾಂಟಿಗೆ ಅಂಟಿಕೊಳ್ಳದ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಬ್ಬರು ಕೂತು ಓದಲಿ; ಪರಿವರ್ತಕಗಳು ಎಡವುವುದು ಅಲ್ಲೇ. ಮೂಲ ಫೈಲೂ ಇರಲಿ, ಜೊತೆಗೊಂದು ಪಿಡಿಎಫ್ ಇರಲಿ.

ಆಮೇಲೆ ಒಂದು ಪಟ್ಟಿ ಮಾಡಿ: ದಿನಾಂಕ, ಊರು, ರೆಕಾರ್ಡ್ ಮಾಡಿದವರು, ಆ ಮಾತು ಕರಡಿನ ಯಾವ ಸಾಲಿಗೆ ಹೋಯಿತು. ಕೈಬಿಟ್ಟ ಸಲಹೆಗಳ ಮುಂದೆ ಯಾಕೆ ಕೈಬಿಟ್ಟಿರಿ ಅಂತಲೂ ಬರೆಯಿರಿ. ಈ ಪಟ್ಟಿ ಇಲ್ಲದಿದ್ದರೆ ಇಷ್ಟು ಆಡಿಯೋ ಇದ್ದೂ ಯಾರೂ ಏನೂ ಹುಡುಕಲಾರರು. ಮೂರು ಪ್ರತಿ ಬೇಕು: ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕ್ ನಿಮ್ಮೂರಿನ ಹೊರಗೆ, ದಾವಣಗೆರೆಯಲ್ಲಿ ನಂಬಿಕಸ್ತರ ಹತ್ತಿರ. ಪೆನ್‌ಡ್ರೈವ್ ಒಂದನ್ನೇ ನೆಚ್ಚಬೇಡಿ.

ಎಕ್ಸ್‌ಪೋರ್ಟ್ ಫೈಲಿನಲ್ಲಿ ಜನರ ಮೊಬೈಲ್ ನಂಬರುಗಳಿರುತ್ತವೆ. ಹೊರಗಿನವರಿಗೆ ಕೊಡುವ ಪ್ರತಿಯಲ್ಲಿ ಅವನ್ನು ತೆಗೆಯಿರಿ. ಮಾತಾಡಿದವರ ಒಪ್ಪಿಗೆಯನ್ನೂ ಬೇಗ ಪಡೆಯಿರಿ. ನಿಮ್ಮ ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟು ಗುಳೆ ಶುರುವಾದರೆ ಅರ್ಧ ಜನ ಊರಲ್ಲಿ ಸಿಗುವುದಿಲ್ಲ.