ಈ ಸಲ ನಾವಲ್ಲ

ಮಧ್ಯ ಮುಂಬೈಯಲ್ಲಿ ಸಣ್ಣ ಹೋಟೆಲು. ವಯಸ್ಸು ಐವತ್ತೇಳು. ಕುಂದಾಪುರದ ಕಡೆಯವರು. ಹೆಸರು, ಬೀದಿ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಸದಾಶಿವ ಎಂದು ಕರೆಯೋಣ.

ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಅವರು ತಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರು. ಅದಕ್ಕೂ ಅವರಾಗಿ ಬಂದವರಲ್ಲ, ಹೆಂಡತಿ ಗಿರಿಜಾ ಎಳೆದುಕೊಂಡು ಬಂದರು. "ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲು ಹಿಡಿದು ಕೂತ್ಕೊಳ್ತಾರೆ ಮೇಡಂ. ಒಂದೇ ವಿಡಿಯೊ, ಅದನ್ನೇ ತಿರುಗಿಸಿ ತಿರುಗಿಸಿ ನೋಡ್ತಾರೆ." ಅದು 2025ರ ಜುಲೈ. ಮುಂಬೈ ಹೊರವಲಯದ ಮೀರಾ ರೋಡಿನಲ್ಲಿ ಮರಾಠಿ ಮಾತಾಡಲಿಲ್ಲವೆಂದು ಅಂಗಡಿಯವರೊಬ್ಬರ ಕೆನ್ನೆಗೆ ಬಾರಿಸಿದ ವಿಡಿಯೊ ಊರೆಲ್ಲ ಓಡಾಡುತ್ತಿತ್ತು. ವ್ಯಾಪಾರಿಗಳು ಬಂದ್ ಮಾಡಿದ್ದರು, ಅದಕ್ಕೆ ಉತ್ತರವಾಗಿ ಮೋರ್ಚಾ ಹೊರಟಿತ್ತು.

ಅಂಗಡಿ ಇಟ್ಟುಕೊಂಡವರಿಗೆ ಇಂಥ ಹೊತ್ತಿನಲ್ಲಿ ಭಯವಾಗುವುದು ಸಹಜ. ಅದನ್ನೇ ಹೇಳಿದೆ. ಸದಾಶಿವರು ತಲೆ ಅಲ್ಲಾಡಿಸಿದರು.

"ಹೆದರಿಕೆ ಉಂಟು, ಇಲ್ಲ ಅಂತಲ್ಲ. ಆದ್ರೆ ಅದನ್ನು ನೋಡುವಾಗ ಒಳಗೆ ಒಂಥರಾ ಹಾಯೆನಿಸ್ತದೆ ಮೇಡಂ. ನಂಗೆ ಮರಾಠಿ ಚೆನ್ನಾಗಿ ಬರ್ತದೆ. ಈ ಸಲ ನಾವಲ್ಲ. ಹಾಗಂತ ಅನಿಸಿದ ಮರುಕ್ಷಣ ನಂಗೇ ಅಸಹ್ಯ. ಪೆಟ್ಟು ತಿಂದವನೂ ನನ್ನ ಹಾಗೆ ಗಲ್ಲಾದಲ್ಲಿ ಕೂತವನೇ ಅಲ್ವಾ?"

ನೆಮ್ಮದಿ ಮತ್ತು ಹೇಸಿಗೆ, ಎರಡೂ ಒಂದೇ ಉಸಿರಿಗೆ ಬರುವುದು ಅಪರೂಪವೇನಲ್ಲ. ಅದನ್ನು ಬಾಯಿಬಿಟ್ಟು ಹೇಳುವವರು ಅಪರೂಪ. ಹೆಚ್ಚಿನವರು ಭಯವನ್ನು ಮಾತ್ರ ಹೇಳಿಕೊಳ್ಳುತ್ತಾರೆ, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ.

"ಈ ಸಲ" ಎಂದರೆ ಹಿಂದಿನ ಸಲ ಯಾವುದು ಎಂದು ಕೇಳಿದೆ. ಅಲ್ಲಿಂದ ಮುಂದಿನ ಭೇಟಿಗಳೆಲ್ಲ ಅದಕ್ಕೇ ಆದವು.

ಮೊದಲ ಸಲದ್ದು ಅವರು ಕಂಡದ್ದಲ್ಲ, ಕೇಳಿದ್ದು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಮೇಲೆ ಸಿಟ್ಟು ತಿರುಗಿದ ವರ್ಷಗಳು. "ಬಜಾವ್ ಪುಂಗಿ, ಹಟಾವ್ ಲುಂಗಿ" (ಪುಂಗಿ ಊದಿ, ಲುಂಗಿಯವರನ್ನು ಓಡಿಸಿ) ಎಂಬ ಘೋಷಣೆಯನ್ನು ಮುಂಬೈಯ ಹಳೆಯ ಹೋಟೆಲಿನವರು ಇವತ್ತಿಗೂ ನಗುತ್ತಾ ಹೇಳುತ್ತಾರೆ, ಆಗ ಯಾರೂ ನಕ್ಕಿರಲಿಲ್ಲ. ಸದಾಶಿವರ ಸೋದರಮಾವ ಹೋಟೆಲಿನ ಬೋರ್ಡು ಇಳಿಸಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರಂತೆ.

ಹದಿಮೂರನೇ ವಯಸ್ಸಿಗೆ ಇವರು ಆ ಮಾವನ ಹೋಟೆಲಿಗೆ ಬಂದರು. ಹಗಲು ಕಪ್ಪು-ಬಸಿ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಬಂದ ಮರುವರ್ಷವೇ, 1982ರ ಜನವರಿಯಲ್ಲಿ, ದತ್ತಾ ಸಾಮಂತರ ನಾಯಕತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಗೆ. ಹೋಟೆಲಿನ ಉಧಾರಿ ಪುಸ್ತಕ ದಪ್ಪವಾಗುತ್ತಾ ಹೋಯಿತು. ಒಂದು ದಿನ ಮಾವ, "ಇನ್ನು ಉಧಾರ ಬಂದ್ ಅಂತ ನೀನೇ ಹೇಳು, ಹುಡುಗ ಹೇಳಿದ್ರೆ ಜಗಳ ಆಗೂದಿಲ್ಲ" ಎಂದರು. ಹುಡುಗ ಹೇಳಿದ. ತನ್ನನ್ನು "ಬಾಳ್ಯಾ" ಎಂದು ಕರೆದು ದಿನಾ ಎಂಟಾಣೆ ಕೊಡುತ್ತಿದ್ದ ಗಿರಣಿಯವನೊಬ್ಬನಿಗೆ.

1993ಕ್ಕೆ ಬರುವಾಗ ಸದಾಶಿವರು ಕುರ್ಚಿಯ ಅಂಚಿಗೆ ಸರಿದು ಕೂತಿದ್ದರು. ಬಾಬರಿ ಮಸೀದಿ ಬಿದ್ದ ಮೇಲೆ ಮುಂಬೈಯಲ್ಲಿ ಎರಡು ಸುತ್ತು ಗಲಭೆ ಆಯಿತು, 1992ರ ಡಿಸೆಂಬರಿನಲ್ಲೊಮ್ಮೆ, ಜನವರಿಯಲ್ಲಿ ಅದಕ್ಕಿಂತ ಕೆಟ್ಟದಾಗಿ ಇನ್ನೊಮ್ಮೆ. ಗಲಭೆಯ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900 ಜನ: ಅದರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಮಾವನ ಹೋಟೆಲಿನ ಎದುರಿಗೆ ಒಂದು ಬೇಕರಿ. ಇವರು ಅದರ ಮಾಲೀಕರನ್ನು ಚಾಚಾ ಎನ್ನುತ್ತಿದ್ದರು. ಗಲಭೆ ತಣ್ಣಗಾದ ಮೇಲೆ ಚಾಚಾ, ಇನ್ನು ಈ ಗಲ್ಲಿಯಲ್ಲಿ ಸಾಕು ಎಂದು ಪಾಗಡಿಯ (ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಪಡೆದ ಬಾಡಿಗೆ ಹಕ್ಕಿನ) ಜಾಗ ಮಾರಲು ನಿಂತರು. ಆಗ ಹಾಗೆ ಮಾರಿಕೊಂಡು ತಮ್ಮವರಿರುವ ಕಡೆಗೆ ಹೋದ ಮುಸ್ಲಿಮರು ಬಹಳ. ಠಾಣೆ ಪಕ್ಕದ ಮುಂಬ್ರಾ ಅಷ್ಟು ಬೆಳೆದದ್ದೇ ಆ ಮೇಲೆ.

ಚಾಚಾ ಕೇಳಿದ್ದು ಬಜಾರಿನ ಅರ್ಧ ದರ.

"ಅದರಲ್ಲೂ ನಾನು ಚೌಕಾಶಿ ಮಾಡಿದೆ ಮೇಡಂ," ಎಂದರು ಸದಾಶಿವ. ಗಿರಿಜಾ ಪಕ್ಕದಲ್ಲೇ ಇದ್ದರು. ಅವರಿಗೂ ಇದು ಹೊಸದು. "ಅವರು ಒಪ್ಪಿದ್ರು. ಕೀಲಿ ಕೊಡುವ ದಿನ ಒಳಗೆ ಕರ್ಕೊಂಡು ಹೋಗಿ ಭಟ್ಟಿಯ ಕಬ್ಬಿಣದ ಬಾಗಿಲು ತೋರಿಸಿದ್ರು. ಎಳೆಯುವ ಮೊದಲು ಸ್ವಲ್ಪ ಮೇಲೆತ್ತಬೇಕು, ಇಲ್ಲಾಂದ್ರೆ ಕಚ್ಚಿಕೊಳ್ತದೆ ಅಂತ. ನಾನು ಅಲ್ಲಿ ಬ್ರೆಡ್ಡು ಮಾಡುವವನಲ್ಲ ಅಂತ ಅವರಿಗೆ ಗೊತ್ತಿತ್ತು. ಆದ್ರೂ ಎರಡು ಸಲ ಎತ್ತಿ ತೋರಿಸಿದ್ರು." ಆ ಬಾಗಿಲು ಈಗಲೂ ಅಡುಗೆಮನೆಯ ಹಿಂದಿನ ಗೋಡೆಯಲ್ಲಿದೆ. ಅದರ ಮುಂದೆ ಈರುಳ್ಳಿ ಮೂಟೆ. ಎರಡು ಸಲ ಟೈಲ್ಸ್ ಹಾಕಿಸಿದಾಗಲೂ ಅಷ್ಟು ಜಾಗ ಬಿಟ್ಟು ಹಾಕಿಸಿದ್ದಾರೆ.

ಮಾರ್ಚ್ 12ರಂದು ಬಾಂಬು ಸಿಡಿದವು. ಮಾವ ಅಂದರಂತೆ, ಇನ್ನೆರಡು ತಿಂಗಳು ಕಾದಿದ್ದರೆ ಇನ್ನೂ ಕಡಿಮೆಗೆ ಸಿಗುತ್ತಿತ್ತು.

ಆ ಜಾಗದಲ್ಲಿ ತೆರೆದ ಹೋಟೆಲಿನಿಂದ ಎರಡು ಮಕ್ಕಳ ಓದು, ಊರಲ್ಲಿ ಮನೆ, ತಂಗಿಯ ಮದುವೆ. 2020ರಲ್ಲಿ ಲಾಕ್‌ಡೌನ್ ಬಂತು. ಕೂತು ತಿನ್ನುವ ವ್ಯಾಪಾರ ಮಹಾರಾಷ್ಟ್ರದಲ್ಲಿ ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ, ಅದೂ ಅರ್ಧ ಕುರ್ಚಿಗೆ. ಈ ನಡುವೆ ಅವರು ಕುಂದಾಪುರಕ್ಕೆ ಹೋದರೆ, ದುಡ್ಡು ಕಳಿಸಿ ಕಟ್ಟಿಸಿದ ಮನೆಯ ಗೇಟಿನ ಬಳಿ ನಿಂತು ನೆರೆಯವರು "ಮುಂಬೈಯವರು ಒಳಗೆ ಬರೂದು ಬೇಡ" ಎಂದರು. ಆ ವರ್ಷ ಕರಾವಳಿಯ ಬಹಳ ಮನೆಗಳಲ್ಲಿ ಇದೇ ಆಯಿತು. "ಆ ಸಲ ನಾವೇ," ಎಂದು ಹೇಳಿ ಅವರು ಮೊದಲ ಬಾರಿ ನಕ್ಕರು.

ಇನ್ನೂ ಒಂದನ್ನು ಅವರು ಕೊನೆಗೆ, ಎದ್ದು ಹೋಗುವಾಗ ಹೇಳಿದರು. ಬಂದ್, ಗಲಾಟೆ, ಪ್ರವಾಹ, ಏನೇ ಆದರೂ ಅವರಿಗೆ ಒಂದು ಹುರುಪು ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ರಾತ್ರಿ ಶಟರ್ ಅರ್ಧ ಎತ್ತಿ, ಸಿಕ್ಕಿಬಿದ್ದವರಿಗೆಲ್ಲ ಉಪ್ಪಿಟ್ಟು-ಚಹಾ ಕೊಟ್ಟಿದ್ದರು. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಚಿಲ್ಲರೆ ಇಲ್ಲದ ಗಿರಾಕಿಗಳಿಗೆ ಚೀಟಿ ಬರೆದು ಕೊಟ್ಟು ಹೋಟೆಲು ನಡೆಸಿದ್ದರು. "ನನ್ನ ಜೀವನದ ಒಳ್ಳೇ ದಿನ ಯಾವುದು ಅಂದ್ರೆ ಇಂಥದ್ದೇ ನೆನಪಾಗ್ತದೆ. ನಾನು ಮನುಷ್ಯನಾ ಮೇಡಂ?"

ಇನ್ನು ಸಲಹೆಯ ಮಾತು.

ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ: ಬದುಕುವುದು ಬೇಡ ಎಂದು ಅನಿಸುತ್ತದೆಯೇ? ಇಲ್ಲ ಎಂದರು, ಗಿರಿಜಾರೂ ಇಲ್ಲ ಎಂದರು. ಆದರೂ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ನ್ನು ಇಬ್ಬರ ಮೊಬೈಲಿನಲ್ಲೂ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬಿಪಿ ತೋರಿಸಿಕೊಂಡು ಬನ್ನಿ ಎಂದೆ. ಮೊಬೈಲು ರಾತ್ರಿ ಹಾಲ್‌ನಲ್ಲಿ ಚಾರ್ಜಿಗೆ, ಸುದ್ದಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪೇಪರಿನಲ್ಲಿ ಓದಿದರೆ ಇನ್ನೂ ಒಳ್ಳೆಯದು. ಇಷ್ಟಕ್ಕೇ ನಿದ್ದೆ ಅರ್ಧ ಸುಧಾರಿಸಿತು. ಉಳಿದರ್ಧಕ್ಕೆ ಮೊಬೈಲು ಕಾರಣವಾಗಿರಲಿಲ್ಲ.

ದೊಡ್ಡ ದುರಂತದಲ್ಲಿ ಉಳಿದವರಿಗೆ, ನಾನೇಕೆ ಉಳಿದೆ ಎಂಬ ಅಪರಾಧಿ ಭಾವ ಕಾಡುವುದನ್ನು ಮನೋವೈದ್ಯರು 1960ರ ದಶಕದಿಂದ ಬರೆಯುತ್ತಾ ಬಂದಿದ್ದಾರೆ. ಆಪ್ತಸಲಹೆಗಾರರು ಅದಕ್ಕೆ ಸಾಮಾನ್ಯವಾಗಿ ಹೇಳುವ ಮಾತು: ಅದು ನಿಮ್ಮ ತಪ್ಪಲ್ಲ. ಸದಾಶಿವರಿಗೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಗಲಭೆ ಅವರ ತಪ್ಪಲ್ಲ, ನಿಜ. ಚೌಕಾಶಿ ಅವರದೇ. ಅದನ್ನೂ ಸೇರಿಸಿ ಒರೆಸಿಬಿಟ್ಟರೆ, ಇವರಿಗೆ ನನ್ನ ಮಾತು ಅರ್ಥವಾಗಲಿಲ್ಲ ಎಂದುಕೊಂಡು ಅವರು ಬರುವುದನ್ನೇ ನಿಲ್ಲಿಸುತ್ತಿದ್ದರು.

ಹಾಗಾಗಿ ಬೇರೆ ದಾರಿ ಹಿಡಿದೆವು. ಒಳಗಿರುವುದನ್ನೆಲ್ಲ ಒಂದೇ ಹೆಸರಿನಲ್ಲಿ ಕರೆಯುವುದು ಬೇಡ, ಒಂದೊಂದಾಗಿ ತೆಗೆದು ಅದು ನಿಮ್ಮಿಂದ ಏನು ಮಾಡಿಸಲು ಬಯಸುತ್ತಿದೆ ಎಂದು ಕೇಳೋಣ ಎಂದೆ. ಭಯಕ್ಕೆ ಬೇಕಾದದ್ದು ಸಣ್ಣಪುಟ್ಟ ಏರ್ಪಾಡು: ಗಲಾಟೆಯ ದಿನ ಹುಡುಗರು ಎಲ್ಲಿ ಮಲಗಬೇಕು, ಯಾರಿಗೆ ಫೋನು ಮಾಡಬೇಕು, ವಿಮೆ ಇದೆಯೇ, ದುಡ್ಡೆಲ್ಲ ಒಂದೇ ಸಹಕಾರಿ ಬ್ಯಾಂಕಿನಲ್ಲಿದೆಯೇ. ಇತ್ತು. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಿಂದ ಒಂದು ಬ್ಯಾಂಕಿಗೆ ಒಬ್ಬರಿಗೆ ಸಿಗುವುದು 5 ಲಕ್ಷದವರೆಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮರುವಾರವೇ ಎರಡು ಕಡೆ ಹಂಚಿಟ್ಟು ಬಂದರು. ಆರ್ಥಿಕ ಆತಂಕಕ್ಕೆ ಉಸಿರಾಟದ ವ್ಯಾಯಾಮ ಮಾತ್ರ ಹೇಳಿಕೊಡುವುದರಲ್ಲಿ ನನಗೆ ನಂಬಿಕೆ ಇಲ್ಲ.

ಹುರುಪಿಗೆ ಏನೂ ಬೇಕಾಗಿಲ್ಲ, ಒಪ್ಪಿಕೊಂಡರೆ ಸಾಕು. ದಿನವಿಡೀ ಗಲ್ಲಾದಲ್ಲಿ ಚಿಲ್ಲರೆ ಎಣಿಸುವವನಿಗೆ ತನ್ನ ಕೈಯಿಂದ ಹತ್ತು ಜನರ ಹೊಟ್ಟೆ ತುಂಬುವ ರಾತ್ರಿ ನೆನಪಿನಲ್ಲಿ ಉಳಿಯದೆ ಇನ್ನೇನು ಉಳಿದೀತು? ಪ್ರವಾಹ ಬಂದದ್ದಕ್ಕೆ ನೀವು ಖುಷಿಪಟ್ಟಿಲ್ಲ, ನಿಮ್ಮಿಂದ ಉಪಯೋಗ ಆದದ್ದಕ್ಕೆ ಖುಷಿಪಟ್ಟಿದ್ದೀರಿ ಎಂದೆ. ಇದು ಅವರಿಗೆ ಹಿಡಿಸಿತು. ಸ್ವಲ್ಪ ಜಾಸ್ತಿಯೇ ಹಿಡಿಸಿತು, ಮುಂದಿನ ಭೇಟಿಯಲ್ಲಿ ಇದನ್ನೇ ನನಗೆ ತಿರುಗಿ ಹೇಳಿದರು.

ಉಳಿದದ್ದು ಚಾಚಾ. ಒಂದು ಲಕೋಟೆಯಲ್ಲಿ ದುಡ್ಡು ಹಾಕಿ ಅವರ ಮನೆಯವರಿಗೆ ಕೊಟ್ಟು ಬರಲೇ ಎಂದು ಕೇಳಿದರು. ಬೇಡ ಎಂದೆ. ಹುಡುಕಿಕೊಂಡು ಹೋಗುವುದಾದರೆ ಹೋಗಿ, ನಡೆದದ್ದನ್ನು ಹೇಳಿ. ಆದರೆ ಕ್ಷಮೆ ಕೇಳಬೇಡಿ. ಕೇಳಿದರೆ ಎದುರಿಗಿರುವವರು, ಆಯಿತು ಬಿಡಿ ಎಂದು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕಳೆದುಕೊಂಡವರ ಮೇಲೆ ಆ ಕೆಲಸವನ್ನೂ ಹೇರಬಾರದು.

ಅವರು ಹೋದರು. ಚಾಚಾ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಗೋವಂಡಿಯಲ್ಲಿ ಬೇಕರಿ ನಡೆಸುತ್ತಾರೆ. ಆತನಿಗೆ ಇವರ ಹೆಸರೂ ನೆನಪಿಲ್ಲ, ಯಾರೋ ಹೋಟೆಲಿನವರು ತಗೊಂಡರು ಎಂದಷ್ಟೇ ಗೊತ್ತು. ಆತನ ತಲೆಯಲ್ಲಿ ತುಂಬಿದ್ದು ಬೇರೆ. 2025ರ ಜನವರಿಯಲ್ಲಿ ಹೈಕೋರ್ಟು ಸೌದೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಇಂಧನಕ್ಕೆ ಬದಲಾಗಬೇಕು ಎಂದಿತ್ತು, ಮಹಾನಗರಪಾಲಿಕೆಯ ನೋಟಿಸು ಬಂದಿತ್ತು. ಹೊಸ ಭಟ್ಟಿಗೆ ಸಾಲ ಎಲ್ಲಿಂದ, ಪಾವಿನ ದರ ಏರಿಸಿದರೆ ವಡಾಪಾವ್‌ನವರು ಬಿಡುತ್ತಾರೆಯೇ. ಇಬ್ಬರೂ ಕೂತು ಬರ್ನರು, ಪೈಪು, ಸಿಲಿಂಡರಿನ ಲೆಕ್ಕ ಹಾಕಿದರಂತೆ. ಚೌಕಾಶಿಯ ವಿಷಯ ಹೇಳಿದಾಗ ಆತ ಕೇಳಿಸಿಕೊಂಡು, "ಅಬ್ಬಾ ಕೂಡ ಹಿಟ್ಟಿನವನ ಹತ್ತಿರ ಹಾಗೇ ಮಾಡ್ತಿದ್ರು" ಎಂದು ಮತ್ತೆ ಬರ್ನರಿಗೆ ಬಂದನಂತೆ.

ಸದಾಶಿವರಿಗೆ ಇದರಿಂದ ಸಮಾಧಾನವಾಯಿತು ಎಂದು ಓದುಗರು ಅಂದುಕೊಳ್ಳಬಹುದು. ಅವರಿಗೆ ಸಿಟ್ಟು ಬಂದಿತ್ತು. "ಮೂವತ್ತು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವನಿಗೆ ಲೆಕ್ಕಕ್ಕೇ ಇಲ್ಲ!" ಆ ಸಿಟ್ಟು ನನಗೆ ಒಳ್ಳೆಯ ಲಕ್ಷಣವೆಂದೇ ಕಂಡಿತು. ಆ ಮಗ ಕ್ಷಮಿಸಿಯೂ ಇಲ್ಲ, ಮರೆತೂ ಇಲ್ಲ, ಅವನಿಗೆ ಇವತ್ತಿನ ಕಷ್ಟ ಇದೆ. ಇವರಿಗೂ ಇದೆ, ಅದನ್ನು ನೋಡೋಣ ಎಂದೆ.

ಇವತ್ತಿನದು ಇದು. ಹೋಟೆಲಿರುವ ಕಟ್ಟಡ, ಕೆಡವಿ ಹೊಸದಾಗಿ ಕಟ್ಟಲು, ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರು ದೊಡ್ಡ ಮೊತ್ತ ಹೇಳಿದ್ದಾನೆ. ಸದಾಶಿವರ ಮಗ ಒಪ್ಪಿಗೆ ಕೊಟ್ಟು ಹೋಟೆಲು ಮುಚ್ಚೋಣ ಎನ್ನುತ್ತಿದ್ದಾನೆ. ಭಟ್ಟರು, ಸಪ್ಲೈಯರು, ಕ್ಲೀನರು ಸೇರಿ ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಅವರ ಗತಿ ಏನೆಂದು ಕೇಳಿದರೆ ಸದಾಶಿವರ ಉತ್ತರ, "ಏನಾದ್ರೂ ಕೊಟ್ಟು ಕಳಿಸುವ." ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕೊಡಲೇಬೇಕು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಅದು ನಿಮ್ಮ ದೊಡ್ಡ ಮನಸ್ಸಿಗೆ ಬಿಟ್ಟದ್ದಲ್ಲ ಎಂದೆ. ಒಬ್ಬ ವಕೀಲರನ್ನೋ ಲೆಕ್ಕಪರಿಶೋಧಕರನ್ನೋ ನೋಡಿ, ಬಿಲ್ಡರಿಗೆ ಸಹಿ ಹಾಕುವ ಮೊದಲು ಮೊತ್ತ ಬರೆದಿಡಿ ಎಂದೆ. ಇಲ್ಲಿ ನಾನು ಆಪ್ತಸಲಹೆಯ ಗೆರೆ ದಾಟಿದೆ ಎಂದು ಸಹೋದ್ಯೋಗಿಗಳು ಹೇಳಬಹುದು. ಹೇಳಲಿ.

ಸದಾಶಿವರು ತಿಂಗಳ ಸಂಬಳವನ್ನು 26 ಕೆಲಸದ ದಿನಗಳಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿ, ಪುಟ್ಟ ಡೈರಿಯಲ್ಲಿ ಹದಿನಾಲ್ಕು ಹೆಸರಿನ ಲೆಕ್ಕ ಬರೆದುಕೊಂಡು ಬಂದಿದ್ದರು. ಇಪ್ಪತ್ತೆರಡು ವರ್ಷದಿಂದ ಇರುವ ಭಟ್ಟರ ಹೆಸರಿನ ಮುಂದೆ ಮೊದಲು ಒಂದು ಅಂಕಿ ಬರೆದು, ಹೊಡೆದು ಹಾಕಿ, ಅದಕ್ಕಿಂತ ದೊಡ್ಡದನ್ನು ಬರೆದಿದ್ದರು. ನಿದ್ದೆ ಈಗ ಪರವಾಗಿಲ್ಲ, ಗಲಾಟೆಯ ಸುದ್ದಿ ಬಂದ ದಿನ ಎಚ್ಚರವಾಗುತ್ತದೆ. "ಈ ಸಲ ನಾವಲ್ಲ ಅಂತ ಈಗಲೂ ಅನಿಸ್ತದೆ ಮೇಡಂ." ಅನಿಸಲಿ, ಅದನ್ನು ಓಡಿಸುವುದು ನಮ್ಮ ಗುರಿ ಅಲ್ಲ ಎಂದೆ.

ಮಗ ಆ ಡೈರಿ ನೋಡಿ, ಕಾನೂನಿಗಿಂತ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ ಎಂದಿದ್ದಾನಂತೆ. ಮುಂದಿನ ಶನಿವಾರ ಅವನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.