‘ಡಿಮೆನ್ಶಿಯಾ ಕೇಸ್, ಹಾಗೇ ಇರ್ತಾರೆ’: ಒಬ್ಬ ಸ್ಟಾಫ್ ನರ್ಸ್‌ಗೆ ನೀಡಿದ ಆಪ್ತಸಲಹೆ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಬಂದವರು ವಯೋವೃದ್ಧರ ವಾರ್ಡಿನ ಸ್ಟಾಫ್ ನರ್ಸ್. ನಿದ್ದೆ ಹತ್ತುವುದಿಲ್ಲ, ಡ್ಯೂಟಿಗೆ ಹೊರಡುವಾಗ ಎದೆ ಡವಗುಟ್ಟುತ್ತದೆ, ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತಿದೆ ಎಂಬುದು ಅವರ ದೂರು. ಎರಡನೇ ಭೇಟಿಯಲ್ಲಿ ಕಾರಣ ಹೊರಬಂತು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜಿಯೊಬ್ಬರಿಗೆ ಮೊದಲೇ ಡಿಮೆನ್ಶಿಯಾ (ಮರೆಗುಳಿತನದ ಕಾಯಿಲೆ) ಇತ್ತು. ಮೂರನೇ ರಾತ್ರಿ ಅವರು ಡ್ರಿಪ್ ಕಿತ್ತುಹಾಕಿ, ಮೈ ಒರೆಸಲು ಹೋದ ಈ ಸಿಸ್ಟರ್ ಅವರ ಕೈಯನ್ನು ಪರಚಿದರು. ‘ಡಿಮೆನ್ಶಿಯಾ ಕೇಸ್, ಹಾಗೇ ಇರ್ತಾರೆ’ ಎಂದು ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಹೇಳಿದ್ದಾಯಿತು. ಫೋನಿನಲ್ಲಿ ವೈದ್ಯರನ್ನು ಕೇಳಿ ನಿದ್ದೆಗೆಂದು ಪ್ರೊಮೆಥಜಿನ್ ಕೊಟ್ಟಿದ್ದೂ ಆಯಿತು. ಮರುದಿನವಿಡೀ ಅಜ್ಜಿ ಮಂಪರಿನಲ್ಲಿದ್ದರು. ಸದ್ಯ ಶಾಂತವಾದರಲ್ಲ ಎಂದು ಎಲ್ಲರೂ ನಿರಾಳರಾದರು. ಸಂಜೆ ಹೊಟ್ಟೆ ಮುಟ್ಟಿ ನೋಡಿದಾಗ ಮೂತ್ರಕೋಶ ಕಲ್ಲಿನಂತೆ ಬಿಗಿದಿತ್ತು. ಕ್ಯಾತಿಟರ್ ಹಾಕಿದರೆ ಒಂದು ಲೀಟರಿಗೂ ಹೆಚ್ಚು ಮೂತ್ರ ಬಂತು.

“ನೋವಿನಿಂದ ಪರಚಿದವರನ್ನು ನಾನು ಹಠಮಾರಿ ಅಂದೆ” ಎಂದು ಅವರು ಅತ್ತರು.

ಈ ಅಪರಾಧಿ ಭಾವವನ್ನು ಸುಮ್ಮನೆ ಸಮಾಧಾನದ ಮಾತಿನಿಂದ ಇಳಿಸಲಾಗದು. ಅವರಿಗೆ ಅಂದು ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಬಿಡಿಸಿ ನೋಡಿದೆವು. ಡಿಮೆನ್ಶಿಯಾದ ವಿಧಗಳು, ಹಂತಗಳು, ಮಾತ್ರೆಗಳ ಹೆಸರು ಎಲ್ಲವೂ ಅವರಿಗೆ ಬಾಯಿಪಾಠವಿತ್ತು. “ಒಂದೇ ರಾತ್ರಿಯಲ್ಲಿ ಡಿಮೆನ್ಶಿಯಾ ಇಷ್ಟು ಹೆಚ್ಚಾಗಬಹುದೇ?” ಎಂದು ಕೇಳಿದಾಗ ಮಾತ್ರ “ಆಗಬಹುದೇನೋ” ಅಂದರು. ಆರೋಗ್ಯ ಸಿಬ್ಬಂದಿಯ ತಿಳಿವಳಿಕೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ. ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್‌ಝೈಮರ್ ಕಾಯಿಲೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಉಲ್ಬಣಿಸುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಆದ ಬದಲಾವಣೆಯನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಡೆಲಿರಿಯಂ (ದೇಹದ ತೊಂದರೆ ಅಥವಾ ಔಷಧದಿಂದ ಹಠಾತ್ತನೆ ಉಂಟಾಗುವ ಮನಸ್ಸಿನ ಗೊಂದಲ) ಎಂದೇ ಹಿಡಿಯಬೇಕು. ಡಿಮೆನ್ಶಿಯಾ ಇದ್ದವರಿಗೆ ಡೆಲಿರಿಯಂ ಬರುವ ಸಾಧ್ಯತೆ ಇನ್ನೂ ಹೆಚ್ಚು. ಗಲಾಟೆ ಮಾಡುವವರಷ್ಟೇ ಅಲ್ಲ, ಮಂಕಾಗಿ ಮಲಗಿರುವವರೂ ಡೆಲಿರಿಯಂನಲ್ಲಿರಬಹುದು. ಇಂಥವರು ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಅವರಿಗೆ ಹೇಳಿಕೊಟ್ಟ ಮೊದಲ ಸಾಧನ 4ಎಟಿ, ಡೆಲಿರಿಯಂ ಗುರುತಿಸುವ ಕಿರು ಪರೀಕ್ಷೆ. ಎರಡು ನಿಮಿಷ ಸಾಕು. ಎಚ್ಚರ ಸ್ಪಷ್ಟವಾಗಿ ಏರುಪೇರಾಗಿದ್ದರೆ 4 ಅಂಕ. ವಯಸ್ಸು, ಹುಟ್ಟಿದ ದಿನಾಂಕ, ಈಗಿರುವ ಜಾಗ, ಈಗಿನ ವರ್ಷ ಇವುಗಳಲ್ಲಿ ಒಂದು ತಪ್ಪಿದರೆ 1. ಎರಡು ಅಥವಾ ಹೆಚ್ಚು ತಪ್ಪಿದರೆ 2. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸುವಾಗ ಏಳು ಅಥವಾ ಹೆಚ್ಚು ಸರಿಯಾದರೆ 0, ಅದಕ್ಕಿಂತ ಕಡಿಮೆಯಾದರೆ ಅಥವಾ ಹೇಳಲು ಒಪ್ಪದಿದ್ದರೆ 1, ಮಂಪರಿನಿಂದ ಪರೀಕ್ಷಿಸಲೇ ಆಗದಿದ್ದರೆ 2. ಇತ್ತೀಚೆಗೆ ಹಠಾತ್ ಬದಲಾವಣೆ ಅಥವಾ ಏರಿಳಿತ ಕಂಡಿದ್ದರೆ 4. ಒಟ್ಟು 4 ಅಥವಾ ಮೇಲಾದರೆ ಡೆಲಿರಿಯಂ ಇರುವ ಸಾಧ್ಯತೆಯಿದೆ, ವೈದ್ಯರು ಬಂದು ನೋಡಬೇಕು. ಕೊನೆಯ ಪ್ರಶ್ನೆಗೆ ಉತ್ತರ ಕೇಸ್ ಶೀಟ್‌ನಲ್ಲಿ ಸಿಗುವುದು ಕಡಿಮೆ, ಜೊತೆಗಿರುವ ಮಗಳನ್ನೋ ಸೊಸೆಯನ್ನೋ “ಮೊದಲೂ ಹೀಗೇ ಇದ್ದರಾ?” ಎಂದು ಕೇಳಬೇಕು. ಹೆಚ್ಚು ಓದದವರಲ್ಲಿ ಮನೆಯವರ ಈ ಮಾತಿಗೇ ಹೆಚ್ಚು ತೂಕ.

ಆಮೇಲೆ ಕಾರಣದ ಹುಡುಕಾಟ. ಮೂತ್ರ ಕೊನೆಗೆ ಯಾವಾಗ ಹೋಯಿತು, ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು, ನೀರು ಎಷ್ಟು ಕುಡಿದರು, ಜ್ವರ, ಆಕ್ಸಿಜನ್, ಸಕ್ಕರೆ ಮಟ್ಟ ಹೇಗಿದೆ, ಹೊಸ ಔಷಧ ಯಾವುದು ಎಂದು ನೋಡಬೇಕು. ನೋವು ಹೇಳಿಕೊಳ್ಳಲಾಗದವರಿಗೆ ಪೇನ್ಯಾಡ್ ಮಾಪನವಿದೆ: ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುವಿಕೆ, ಪ್ರತಿಯೊಂದಕ್ಕೂ 0ರಿಂದ 2 ಅಂಕ. ಮಲಗಿರುವಾಗ ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಮಗ್ಗುಲು ಬದಲಿಸುವಾಗಲೂ ನೋಡಬೇಕು.

ಔಷಧದ ವಿಷಯದಲ್ಲಿ ಹೆಚ್ಚು ಹೊತ್ತು ನಿಂತೆವು. ಪ್ರೊಮೆಥಜಿನ್, ಅಮಿಟ್ರಿಪ್ಟಿಲಿನ್, ಆಕ್ಸಿಬ್ಯುಟಿನಿನ್, ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆ ಹಾಕುತ್ತವೆ. ಆಲ್‌ಝೈಮರ್‌ನಂಥ ಡಿಮೆನ್ಶಿಯಾದಲ್ಲಿ ಆ ರಾಸಾಯನಿಕ ಮೊದಲೇ ಕಡಿಮೆ. ಹಾಗಾಗಿ ಗೊಂದಲ ಹೆಚ್ಚುತ್ತದೆ, ಮೂತ್ರ ಕಟ್ಟುತ್ತದೆ, ಮಲ ಗಟ್ಟಿಯಾಗುತ್ತದೆ. ಅಂದರೆ ಅಜ್ಜಿಯನ್ನು ಸುಮ್ಮನಾಗಿಸಲು ಕೊಟ್ಟದ್ದು ಮೂಲ ತೊಂದರೆಯನ್ನೇ ಬಿಗಿ ಮಾಡಿರುವ ಸಂಭವವಿತ್ತು. ಮನೋವಿಕಲತೆಯ ಔಷಧಗಳನ್ನೂ ಹಗುರವಾಗಿ ಎಣಿಸುವಂತಿಲ್ಲ: ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಪೀಳಿಗೆಯವುಗಳ ಬಗ್ಗೆ, 2008ರಲ್ಲಿ ಹಳೆಯವುಗಳ ಬಗ್ಗೆಯೂ ಎಚ್ಚರಿಸಿದೆ. ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣಿಸುತ್ತವೆ ಎನ್ನುವ, ಜೊತೆಗೆ ಕೈಕಾಲು ಬಿಗಿಯಾಗಿರುವ ರೋಗಿಯಾದರೆ ಲೂಯಿ ಬಾಡಿ ಡಿಮೆನ್ಶಿಯಾ ಇರಬಹುದು. ಅಂಥವರಿಗೆ ಹ್ಯಾಲೊಪೆರಿಡಾಲ್ ಎಂಬ ಮನೋವಿಕಲತೆಯ ಔಷಧ ಜೀವಕ್ಕೇ ಎರವಾಗಬಲ್ಲದು. ಇದನ್ನು ವೈದ್ಯರಿಗೆ ಫೋನಿನಲ್ಲಿ ಮೊದಲ ವಾಕ್ಯದಲ್ಲೇ ಹೇಳಿ ಎಂದೆವು.

ಮೈ ಒರೆಸುವ ಹೊತ್ತು ಅವರಿಗೆ ಅತಿ ಭಯದ ಹೊತ್ತಾಗಿತ್ತು. ಅದನ್ನು ಕುಳಿತು ಅಭ್ಯಾಸ ಮಾಡಿಸಿದೆವು. ಮೊದಲು ಕನ್ನಡಕ, ಶ್ರವಣಯಂತ್ರ ಹಾಕಿ. ಎದುರಿನಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಹೆಸರು ಹಿಡಿದು ಮಾತಾಡಿಸಿ. ಒಂದು ಸಲಕ್ಕೆ ಒಂದೇ ಮಾತು: “ಅಮ್ಮಾ, ಕೈ ಒರೆಸ್ತೀನಿ.” ಹತ್ತು ಸೆಕೆಂಡಾದರೂ ಕಾಯಿರಿ, ಮಾತು ಒಳಗಿಳಿಯಲು ಅಷ್ಟು ಬೇಕು. ಒರೆಸುವ ಭಾಗವಷ್ಟೇ ತೆರೆದಿರಲಿ, ಉಳಿದದ್ದು ಬೆಚ್ಚಗೆ ಮುಚ್ಚಿರಲಿ, ಮುಖ ಕೊನೆಗೆ. ಕೈ ತಳ್ಳಿದರೆ ಅದು ‘ಬೇಡ’ ಎಂಬ ಉತ್ತರ. ಬಿಟ್ಟು ಹೋಗಿ, ಕಾಲು ಗಂಟೆ ಬಿಟ್ಟು ಬನ್ನಿ. ಮಗುವಿಗೆ ಹೇಳುವಂತೆ ರಾಗ ಎಳೆಯುವುದು ಬೇಡ, ಅದರಿಂದ ಪ್ರತಿರೋಧ ಹೆಚ್ಚುತ್ತದೆ.

ಎದೆಬಡಿತಕ್ಕೆ ಒಮ್ಮೆ ವೈದ್ಯರ ತಪಾಸಣೆ ಮಾಡಿಸಿಕೊಳ್ಳಿ, ಘಟನೆಯನ್ನು ಯಾರನ್ನೂ ದೂರದೆ ಬರೆದು ವಾರ್ಡ್ ಇನ್‌ಚಾರ್ಜ್‌ಗೆ ಕೊಡಿ ಎಂದೆವು. ಬರೆದದ್ದನ್ನು ಓದಿದ ಇನ್‌ಚಾರ್ಜ್, ದಾಖಲಾಗುವ ದಿನವೇ ರೋಗಿಯ ಎಂದಿನ ಸ್ಥಿತಿಯನ್ನು ಮನೆಯವರಿಂದ ಕೇಳಿ ಬರೆದಿಡಲು ಒಪ್ಪಿದರು. ಹ್ಯಾಂಡ್‌ಓವರ್‌ನಲ್ಲಿ ಈಗ ಸಿಸ್ಟರ್ “ಸಂಜೆವರೆಗೆ ಮಗಳ ಹೆಸರು ಹೇಳ್ತಿದ್ರು, ಹನ್ನೊಂದರಿಂದ ಹೇಳ್ತಿಲ್ಲ, 4ಎಟಿ ಎಂಟು” ಎಂದು ಹೇಳುತ್ತಾರೆ. ಕೆಲಸ ಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಸತತ ರಾತ್ರಿ ಪಾಳಿ ಬದಲಿಸಿಕೊಳ್ಳುವ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತಾಡಲಿದ್ದೇವೆ.