ಕಂಟೇನರ್‌ಗಾಗಿ ಕರ್ನಲ್ ಕಟ್ಟುವಾಗ ಯಾವ ನೇಮ್‌ಸ್ಪೇಸ್ ಆಯ್ಕೆಗಳು ಬೇಕು, ಯಾವುದನ್ನು ಬಿಡಬಹುದು?

ಪ್ರೊಸೆಸ್‌ಗಳ ಗುಂಪೊಂದಕ್ಕೆ ಯಂತ್ರದ ತನ್ನದೇ ನೋಟ ಕೊಟ್ಟು ಉಳಿದವುಗಳಿಂದ ಬೇರ್ಪಡಿಸುವ ಕರ್ನಲ್ ಸೌಲಭ್ಯವೇ ನೇಮ್‌ಸ್ಪೇಸ್, ಹಾಗೆ ಬೇರ್ಪಟ್ಟ ಗುಂಪೇ ಕಂಟೇನರ್. ಕರ್ನಲ್ ಸಂರಚನೆಯ ಪಟ್ಟಿಯಲ್ಲಿ ಯುಟಿಎಸ್ (ಯಂತ್ರದ ಹೆಸರು), ಐಪಿಸಿ (ಪ್ರೊಸೆಸ್‌ಗಳ ನಡುವಿನ ಸಂವಹನ), ಪಿಐಡಿ (ಪ್ರೊಸೆಸ್ ಸಂಖ್ಯೆಗಳು), ನೆಟ್‌ವರ್ಕ್, ಟೈಮ್ ಎಲ್ಲವನ್ನೂ ಆರಿಸಿಕೊಂಡು, ಅಪಾಯಕಾರಿ ಎಂದು ಕೇಳಿದ, ಬಳಕೆದಾರ ಸಂಖ್ಯೆಗಳನ್ನು ಬೇರ್ಪಡಿಸುವ ಯೂಸರ್ ನೇಮ್‌ಸ್ಪೇಸ್ ಒಂದನ್ನು ಕೈಬಿಡಲು ಹೊರಟಿದ್ದೀರಿ. ಹಿಂದೊಮ್ಮೆ ನಾನೂ ಇದನ್ನೇ, ಇದೇ ಕಾರಣಕ್ಕೆ ಮಾಡಿದ್ದೆ. ನನಗೆ ಪೆಟ್ಟು ಬಿದ್ದದ್ದು ಮಾತ್ರ ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಮೌಂಟ್ ನೇಮ್‌ಸ್ಪೇಸ್‌ನಿಂದ. ಯಾವ ಫೈಲ್ ಸಿಸ್ಟಮನ್ನು ಯಾವ ಡೈರೆಕ್ಟರಿಗೆ ಜೋಡಿಸಿದೆ, ಅಂದರೆ ಮೌಂಟ್ ಮಾಡಿದೆ, ಎಂಬ ನೋಟವನ್ನು ಬೇರ್ಪಡಿಸುವುದು ಅದರ ಕೆಲಸ. ಅದು 2002ರಲ್ಲಿ, ಲಿನಕ್ಸ್ 2.4.19ರ ಹೊತ್ತಿಗೆ, ಉಳಿದೆಲ್ಲವಕ್ಕಿಂತ ಮೊದಲು ಬಂದದ್ದು. ಅದಕ್ಕೆ ಪ್ರತ್ಯೇಕ ಆಯ್ಕೆ ಎಂಬುದಿಲ್ಲ, ನೀವು ಬೇಡವೆಂದರೂ ಕರ್ನಲ್‌ನೊಳಗೆ ಇದ್ದೇ ಇರುತ್ತದೆ.

ಆಗ ನಾನು ಕಂಟೇನರ್ ಎಬ್ಬಿಸುವ ಸಣ್ಣ ಪ್ರೋಗ್ರಾಮ್ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಹೊಸ ಪ್ರೊಸೆಸ್ ಹುಟ್ಟಿಸುವ ಕ್ಲೋನ್ ಎಂಬ ಸಿಸ್ಟಮ್ ಕಾಲ್‌ಗೆ (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಮೌಂಟ್, ಪಿಐಡಿ, ಯುಟಿಎಸ್, ಐಪಿಸಿ, ನೆಟ್‌ವರ್ಕ್ ಫ್ಲ್ಯಾಗ್‌ಗಳನ್ನು ಕೊಟ್ಟು ಅದನ್ನು ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿಯೇ ಓಡಿಸುತ್ತಿದ್ದೆ. ಕಂಟೇನರ್‌ಗೆ ಬೇರೆ ಇಮೇಜ್ (ಸಿದ್ಧ ಕಡತಗಳ ಕಟ್ಟು) ಏಕೆಂದು ಹೋಸ್ಟ್‌ನ, ಅಂದರೆ ಕಂಟೇನರ್ ಓಡುವ ಮೂಲ ಯಂತ್ರದ, ಫೈಲ್ ಸಿಸ್ಟಮನ್ನೇ ಒಳಗೂ ಬಳಸುತ್ತಿದ್ದೆ. ಹೋಸ್ಟ್‌ನಲ್ಲಿ ಒಂದು ಸೇವೆ ತನ್ನ ಕಡತಗಳನ್ನು ಬರೆಯುತ್ತಿದ್ದ ಡೈರೆಕ್ಟರಿ ಕಂಟೇನರ್‌ಗೆ ಕಾಣಬಾರದಿತ್ತು. ಹಾಗಾಗಿ ಹೊಸ ಮೌಂಟ್ ನೇಮ್‌ಸ್ಪೇಸ್‌ನೊಳಗೆ ನಿಂತು ಆ ಡೈರೆಕ್ಟರಿಯ ಮೇಲೆ ಖಾಲಿ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಮ್) ಒಂದನ್ನು ಮೌಂಟ್ ಮಾಡಿದೆ. ಒಳಗಿನಿಂದ ನೋಡಿದರೆ ಡೈರೆಕ್ಟರಿ ಖಾಲಿ ಇತ್ತು, ನನಗೆ ಅಷ್ಟು ಸಾಕಾಯಿತು. ಹೊರಗಿನಿಂದ ನೋಡಲಿಲ್ಲ, ನೋಡಿದ್ದರೆ ಹೋಸ್ಟ್‌ನಲ್ಲೂ ಅದು ಖಾಲಿಯಾಗಿರುವುದು ಕಾಣುತ್ತಿತ್ತು. ಸೇವೆ ಮೊದಲೇ ತೆರೆದುಕೊಂಡಿದ್ದ ಕಡತಗಳು ಕೆಳಗಿನ ಡಿಸ್ಕ್‌ಗೇ ಹೋಗುತ್ತಿದ್ದುದರಿಂದ ಯಾವ ದೋಷಸಂದೇಶವೂ ಬರಲಿಲ್ಲ, ಹೊಸದಾಗಿ ಸೃಷ್ಟಿಯಾದ ಕಡತಗಳೆಲ್ಲ ಮೆಮೊರಿಯಲ್ಲಿದ್ದ ಟಿಎಂಪಿಎಫ್‌ಎಸ್‌ಗೆ ಬೀಳುತ್ತಿದ್ದವು. ಕಂಟೇನರ್ ನಿಂತ ಮೇಲೂ ಹೋಸ್ಟ್‌ನ ಆ ಮೌಂಟ್ ಹಾಗೆಯೇ ಉಳಿದಿತ್ತು. ಮುಂದೆ ಯಂತ್ರವನ್ನು ಮರುಚಾಲನೆ ಮಾಡಿದಾಗ ಅಷ್ಟೂ ಹೋಯಿತು.

ಕಾರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಫ್ಲ್ಯಾಗ್‌ಗಳ ಪಟ್ಟಿಯನ್ನಷ್ಟೇ ಓದಿದವರಿಗೆ ಇದು ಹೊಳೆಯುವುದಿಲ್ಲ. ಹೊಸ ಮೌಂಟ್ ನೇಮ್‌ಸ್ಪೇಸ್ ಹುಟ್ಟುವಾಗ ಹಳೆಯದರ ಮೌಂಟ್‌ಗಳೆಲ್ಲ ನಕಲಾಗುತ್ತವೆ, ಜೊತೆಗೆ ಪ್ರತಿಯೊಂದರ ಪ್ರಸರಣದ ಬಗೆಯೂ (ಅದರ ಕೆಳಗಿನ ಹೊಸ ಮೌಂಟ್ ಬೇರೆಡೆಗೆ ಹರಡಬೇಕೇ ಎಂಬುದು) ಬರುತ್ತದೆ. ಕರ್ನಲ್ ತನ್ನಷ್ಟಕ್ಕೆ ಮೌಂಟ್‌ಗಳನ್ನು ಪ್ರೈವೇಟ್ ಆಗಿ (ಎಲ್ಲಿಗೂ ಹರಡದಂತೆ) ಇಡುತ್ತದಾದರೂ, ಯಂತ್ರದ ಸೇವೆಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಬೂಟ್ ಆಗುವಾಗ ರೂಟ್ ಡೈರೆಕ್ಟರಿಯಿಂದ ಹಿಡಿದು ಮೌಂಟ್‌ಗಳ ಇಡೀ ಮರವನ್ನು ಶೇರ್ಡ್ ಎಂದು ಬದಲಿಸುತ್ತದೆ. ಶೇರ್ಡ್ ಮೌಂಟ್‌ನ ನಕಲು ಮೂಲದ ಗುಂಪಿಗೇ ಸೇರಿಕೊಳ್ಳುವುದರಿಂದ, ಒಂದರ ಕೆಳಗೆ ಮಾಡಿದ ಮೌಂಟ್ ಇನ್ನೊಂದರಲ್ಲೂ ಕಾಣಿಸಿಕೊಳ್ಳುತ್ತದೆ. ಅಂದರೆ ನೇಮ್‌ಸ್ಪೇಸ್ ಬೇರೆಯಾಗಿತ್ತು, ಆದರೆ ನಡುವಿನ ಬಾಗಿಲು ತೆರೆದೇ ಇತ್ತು. ಇನ್ನೂ ಮೋಸ ಮಾಡಿದ್ದು ನನ್ನ ಪರೀಕ್ಷೆ. ಪ್ರೋಗ್ರಾಮ್ ಬರೆಯುವ ಮುನ್ನ ಇದನ್ನೆಲ್ಲ ಅನ್‌ಶೇರ್ ಎಂಬ ಕಮಾಂಡ್‌ನಿಂದ ಮಾಡಿ ನೋಡಿದ್ದೆ, ಆಗ ಹೋಸ್ಟ್‌ಗೆ ಏನೂ ಆಗಿರಲಿಲ್ಲ. ಅದು ಸೇರಿರುವ ಯುಟಿಲ್-ಲಿನಕ್ಸ್ ಪ್ಯಾಕೇಜಿನ 2.27ನೇ ಆವೃತ್ತಿಯಿಂದ ಈಚೆಗೆ ಆ ಕಮಾಂಡ್ ಹೊಸ ನೇಮ್‌ಸ್ಪೇಸ್‌ನಲ್ಲಿ ಎಲ್ಲ ಮೌಂಟ್‌ಗಳನ್ನೂ ತಾನಾಗಿಯೇ ಪ್ರೈವೇಟ್ ಮಾಡುತ್ತದೆ. ಕ್ಲೋನ್ ಆಗಲಿ, ಅನ್‌ಶೇರ್ ಹೆಸರಿನದೇ ಸಿಸ್ಟಮ್ ಕಾಲ್ ಆಗಲಿ ಅದನ್ನು ಮಾಡುವುದಿಲ್ಲ. ನಾನು ಫ್ಲ್ಯಾಗ್‌ಗಳನ್ನು ನಕಲು ಮಾಡಿಕೊಂಡೆ, ಆ ಹೆಜ್ಜೆಯನ್ನು ಬಿಟ್ಟೆ. ಮಗು ಪ್ರೊಸೆಸ್ ಹುಟ್ಟಿದೊಡನೆ, ಬೇರೆ ಯಾವ ಮೌಂಟ್‌ಗೂ ಮೊದಲು, ರೂಟ್ ಡೈರೆಕ್ಟರಿಯಿಂದ ಕೆಳಗಿನದನ್ನೆಲ್ಲ ರಿಕರ್ಸಿವ್ ಆಗಿ ಪ್ರೈವೇಟ್ ಮಾಡುವ ಒಂದೇ ಕರೆ ಸಾಕಿತ್ತು. ಹೋಸ್ಟ್‌ನ ಹೊಸ ಮೌಂಟ್‌ಗಳು ಒಳಗೆ ಕಾಣಬೇಕು, ಒಳಗಿನವು ಹೊರಗೆ ಹೋಗಬಾರದು ಎಂದಿದ್ದರೆ ಪ್ರೈವೇಟ್ ಬದಲು ಸ್ಲೇವ್ ಮಾಡಬೇಕು. ಕಂಟೇನರ್ ಒಳಗೆ ಮೌಂಟ್‌ಗಳ ಪಟ್ಟಿ ತೋರಿಸುವ ಫೈಂಡ್‌ಮೌಂಟ್ (findmnt) ಕಮಾಂಡ್ ಓಡಿಸಿ ಪ್ರೊಪಗೇಶನ್ ಅಂಕಣವನ್ನು ಕೇಳಿ. ಹೋಸ್ಟ್‌ನಿಂದ ಬಂದ ಯಾವುದೇ ಮೌಂಟ್‌ನ ಎದುರು ಶೇರ್ಡ್ ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ.

ಇನ್ನು ನೀವು ಬಿಡಲು ಹೊರಟಿರುವ ಯೂಸರ್ ನೇಮ್‌ಸ್ಪೇಸ್. ನಾನು ಅದನ್ನೂ ಜೊತೆಗೆ ಸೃಷ್ಟಿಸಿದ್ದರೆ, ಹೊಸ ಮೌಂಟ್ ನೇಮ್‌ಸ್ಪೇಸ್ ಕಡಿಮೆ ಅಧಿಕಾರದ ಒಡೆತನಕ್ಕೆ ಸೇರಿದ್ದೆಂದು ಕರ್ನಲ್ ತಾನೇ ಶೇರ್ಡ್ ಮೌಂಟ್‌ಗಳನ್ನು ಸ್ಲೇವ್‌ಗೆ ಇಳಿಸುತ್ತಿತ್ತು, ನನ್ನ ಕಡತಗಳು ಉಳಿಯುತ್ತಿದ್ದವು. ಅದಿಲ್ಲದ ಕಂಟೇನರ್‌ನ ರೂಟ್ ಹೊರಗೂ ಯುಐಡಿ (ಬಳಕೆದಾರ ಸಂಖ್ಯೆ) 0, ಅಂದರೆ ಹೋಸ್ಟ್‌ನಲ್ಲೂ ರೂಟ್. ಅದಿದ್ದರೆ ಒಳಗಿನ 0 ಹೊರಗೆ 100000ದಂತಹ ನಿರುಪದ್ರವಿ ಸಂಖ್ಯೆಯಾಗುತ್ತದೆ. ಆದ್ದರಿಂದ ಸುರಕ್ಷತೆಗಾಗಿ ಅದನ್ನು ತೆಗೆಯಬೇಕೆಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಭಯಕ್ಕೆ ಆಧಾರವಿಲ್ಲವೆಂದಲ್ಲ: ಸಿವಿಇ-2022-0185 ಎಂದು ದಾಖಲಾದ ಭದ್ರತಾ ದೋಷದಲ್ಲಿ ಸಾಮಾನ್ಯ ಬಳಕೆದಾರನೊಬ್ಬ ಯೂಸರ್ ನೇಮ್‌ಸ್ಪೇಸ್‌ನೊಳಗೆ ಸಿಗುವ ಆಡಳಿತಾಧಿಕಾರವನ್ನು ಹಿಡಿದು ಕರ್ನಲ್‌ನ ದೋಷಪೂರಿತ ಕೋಡ್‌ವರೆಗೆ ತಲುಪಬಹುದಿತ್ತು. ಆದರೆ ಅದಕ್ಕೆ ಮದ್ದು ಸೃಷ್ಟಿಗೆ ಮಿತಿ ಹಾಕುವುದು. ಲಿನಕ್ಸ್ 4.9ರಿಂದ ಇರುವ ಮ್ಯಾಕ್ಸ್-ಯೂಸರ್-ನೇಮ್‌ಸ್ಪೇಸಸ್ ಎಂಬ ಸಿಸ್‌ಕಂಟ್ರೋಲನ್ನು (ಓಡುತ್ತಿರುವ ಕರ್ನಲ್‌ನಲ್ಲೇ ಬದಲಿಸಬಹುದಾದ ಮೌಲ್ಯ) ಕಂಟೇನರ್‌ಗಳು ಎದ್ದ ಮೇಲೆ ಸೊನ್ನೆಗೆ ಇಳಿಸಿದರೆ, ಇರುವವು ನಡೆಯುತ್ತವೆ, ಹೊಸದು ಹುಟ್ಟುವುದಿಲ್ಲ. ಎಲ್ಲ ನೇಮ್‌ಸ್ಪೇಸ್‌ಗಳೂ ಇದ್ದರೂ ಕರ್ನಲ್ ಒಂದೇ ಎಂಬುದನ್ನು ಮರೆಯದೆ, ಬೇಡದ ಕೇಪಬಿಲಿಟಿಗಳನ್ನು (ರೂಟ್ ಅಧಿಕಾರದ ಬಿಡಿ ತುಣುಕುಗಳು) ಕಳಚಿ ಸೆಕ್‌ಕಾಂಪ್‌ನಿಂದ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಕೆಲಸವನ್ನೂ ಮಾಡಿ.

ಉಳಿದವುಗಳ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಯುಟಿಎಸ್ ಮತ್ತು ಐಪಿಸಿ ಇರಲಿ. ಪಿಐಡಿಯಲ್ಲಿ ಮೊದಲ ಪ್ರೊಸೆಸ್ ಸತ್ತರೆ ಉಳಿದವೆಲ್ಲ ಕೊಲ್ಲಲ್ಪಡುತ್ತವೆ, ಅನಾಥ ಪ್ರೊಸೆಸ್‌ಗಳನ್ನು ಅದೇ ವಿಲೇವಾರಿ ಮಾಡಬೇಕು. ಆ ಸ್ಥಾನದಲ್ಲಿ ಏನನ್ನು ಓಡಿಸುತ್ತೀರೆಂದು ನೋಡಿಕೊಳ್ಳಿ. ಹೊಸ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ ಲೂಪ್‌ಬ್ಯಾಕ್ (ಯಂತ್ರ ತನ್ನೊಡನೆ ತಾನೇ ಮಾತಾಡುವ ಸಂಪರ್ಕ) ಕೂಡ ಮೇಲೆದ್ದಿರುವುದಿಲ್ಲ, ನೀವೇ ಎಬ್ಬಿಸಬೇಕು. ಸಿಗ್ರೂಪ್ ಎಂಬುದು ಪ್ರೊಸೆಸ್ ಗುಂಪುಗಳ ಸಂಪನ್ಮೂಲ ಬಳಕೆಯನ್ನು ನಿಯಂತ್ರಿಸುವ ಕರ್ನಲ್ ಸೌಲಭ್ಯ; ಸಿಗ್ರೂಪ್ ನೇಮ್‌ಸ್ಪೇಸ್ ಸಿಗ್ರೂಪ್‌ನ ಹಾದಿಯನ್ನು ಮರೆಮಾಡುತ್ತದೆಯೇ ಹೊರತು ಮೆಮೊರಿಗಾಗಲಿ ಸಿಪಿಯುಗಾಗಲಿ ಮಿತಿ ಹಾಕುವುದಿಲ್ಲ. ಏನನ್ನಾದರೂ ಬಿಡಲೇಬೇಕೆಂದರೆ ಟೈಮ್ ನೇಮ್‌ಸ್ಪೇಸನ್ನು ಬಿಡಿ. 2020ರಲ್ಲಿ ಲಿನಕ್ಸ್ 5.6ರೊಂದಿಗೆ ಬಂದ ಅದು, ಯಂತ್ರ ಎದ್ದಾಗಿನಿಂದ ಕಾಲ ಎಣಿಸುವ ಮೊನೊಟೋನಿಕ್ ಮತ್ತು ಬೂಟ್ ಗಡಿಯಾರಗಳನ್ನಷ್ಟೇ ಸರಿಸುತ್ತದೆ, ದಿನಾಂಕ ತೋರಿಸುವ ಗಡಿಯಾರವನ್ನು ಮುಟ್ಟುವುದೂ ಇಲ್ಲ. ಓಡುತ್ತಿರುವ ಕಂಟೇನರನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಉದ್ದೇಶ ನಿಮಗಿಲ್ಲದಿದ್ದರೆ ಅದರ ಕೊರತೆ ಕಾಡುವುದಿಲ್ಲ.